ರಾಣಿಯರ ಗೌನು, ಸೀರೆ, ಟೋಪಿ: ಈ ನೋಡೋ ಹುಚ್ಚು ಇನ್ನೂ ಯಾರಿಗೆಲ್ಲ ಇದೆ?

ಸೂಜಿ_ದಾರ, ವಿಜಯಪುರ
ರಾಜಮನೆತನದವರ ಬಟ್ಟೆ ನೋಡೋ ಹುಚ್ಚು ನನಗೆ ಮೊದಲಿನಿಂದ ಇದೆ. ಅವರ ಜಗಳ, ಅರಮನೆಯ ಗುಸುಗುಸು ಯಾವುದೂ ಬೇಡ. ಬಟ್ಟೆ ಮಾತ್ರ. ಹೊಲಿಗೆ ನನ್ನ ಕಸುಬು. ಹಾಗಾಗಿ ಕಣ್ಣು ಮೊದಲು ಹೋಗೋದು ತೋಳಿನ ಮೇಲೆ, ಕಾಲರಿನ ಮೇಲೆ. ಮುಖ ಆಮೇಲೆ.

ಈಗ ಗಿರಾಕಿಗಳೂ ಶುರು ಮಾಡಿದ್ದಾರೆ. ಮೊದಲು ಸಿನಿಮಾ ನಟಿಯರ ಫೋಟೋ ತರುತ್ತಿದ್ದರು. ಈಗ ಇಂಗ್ಲೆಂಡಿನ ರಾಜಕುಮಾರ ವಿಲಿಯಂ ಹೆಂಡತಿ ಕೇಟ್ ಫೋಟೋ ತೋರಿಸಿ "ಅಕ್ಕಾ, ಇದೇ ತೋಳು ಇಳಕಲ್ ಸೀರೆ ಬ್ಲೌಸಿಗೆ ಬೇಕು" ಅನ್ನುತ್ತಾರೆ. ಯಾವ ಫೋಟೋ ಅಂತ ಬಿಡಿಸಿ ಹೇಳಬೇಕಾಗಿಲ್ಲ. 2011ರ ಮದುವೆಯದ್ದೇ. ಮಣಿಕಟ್ಟಿನ ತನಕ ಲೇಸಿನ ತೋಳು.

ಆ ಗೌನಿನ ಹಿಂದಿನ ಕೆಲಸ ಗೊತ್ತಿದ್ದರೆ ಯಾರೂ ಅಷ್ಟು ಸಲೀಸಾಗಿ ಕೇಳಲ್ಲ. ಅಲೆಕ್ಸಾಂಡರ್ ಮೆಕ್ವೀನ್ ಸಂಸ್ಥೆಯಲ್ಲಿದ್ದ ಸಾರಾ ಬರ್ಟನ್ ಅದನ್ನು ವಿನ್ಯಾಸ ಮಾಡಿದ್ದು. ಗುಲಾಬಿ, ಥಿಸಲ್, ಡ್ಯಾಫೊಡಿಲ್, ಶ್ಯಾಮ್‌ರಾಕ್ ಎಲೆ, ಎಲ್ಲವನ್ನೂ ಲೇಸಿನಿಂದ ಒಂದೊಂದಾಗಿ ಕತ್ತರಿಸಿ, ತೆಳ್ಳನೆ ರೇಷ್ಮೆ ನೆಟ್ ಮೇಲೆ ಕೈಹೊಲಿಗೆಯಲ್ಲಿ ಕೂರಿಸಿದ್ದಾರೆ. ಹೊಲಿಯುವವರು ಅರ್ಧ ಗಂಟೆಗೊಮ್ಮೆ ಕೈ ತೊಳೆಯುತ್ತಿದ್ದರು. ಮೂರು ಗಂಟೆಗೊಮ್ಮೆ ಸೂಜಿ ಬದಲಿಸುತ್ತಿದ್ದರು. ಬೆನ್ನಿಗೆ 58 ಗುಂಡಿ, ಎಲ್ಲಕ್ಕೂ ಬಟ್ಟೆಯ ಹೊದಿಕೆ. ಅವಕ್ಕೆ ಕಾಜಾ ಇಲ್ಲ, ಬಟ್ಟೆಯದೇ ಸಣ್ಣ ಕುಣಿಕೆ. ಹುಕ್ಕು ಹಚ್ಚೋಕೇ ಬೇಸರ ಪಡೋ ನನ್ನಂಥವರು ಅದನ್ನು ನೋಡಿ ಕೈ ಮುಗಿಯಬೇಕು.

ನೀವೂ ನೋಡುತ್ತೀರಾ? ಯಾರ ಉಡುಗೆ ಇಷ್ಟ? ನಾಚಿಕೊಳ್ಳದೆ ಹೇಳಿ.

ಕುಂದಾನಗರಿ_ಕಾಕಾ, ಬೆಳಗಾವಿ
ನಮ್ಮ ದೇಶದಲ್ಲಿ ಹಳೇ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ 1971ರಲ್ಲೇ ರದ್ದಾಯಿತು. ರಾಜರೆಲ್ಲ ನಮ್ಮ ನಿಮ್ಮಂತೆ ಸಾಮಾನ್ಯ ಪ್ರಜೆಗಳು. ಆದರೂ ಈ ಹೆಣ್ಣುಮಕ್ಕಳು ಬಿಡಲಿಲ್ಲ ನೋಡಿ. ಇಂಗ್ಲೆಂಡಿನವರನ್ನು ಓಡಿಸಿದ್ದೇ ಅವರ ಗೌನು ಫೋನಿನಲ್ಲಿ ನೋಡೋಕೆ ಅನ್ನಿ!

ಹಾಸ್ಟೆಲ್_ಹುಡುಗಿ, ಬಾಗಲಕೋಟೆ
ಕಾಕಾ, ಹೆಣ್ಣುಮಕ್ಕಳು ಅಂತ ಯಾಕೆ ಹೇಳುತ್ತೀರಿ? ನಮ್ಮ ಅಪ್ಪ ಪಟಿಯಾಲ ಮಹಾರಾಜನ ಹಾರದ ವಿಡಿಯೋ ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಭೂಪಿಂದರ್ ಸಿಂಗ್ ಮಹಾರಾಜರು ಪ್ಯಾರಿಸ್ಸಿನ ಕಾರ್ಟಿಯೆ ಹತ್ತಿರ ಮಾಡಿಸಿದ್ದು. 1928ರಲ್ಲಿ ಮುಗಿಯಿತು. 2,930 ವಜ್ರ! ನಡುವೆ ಡಿ ಬೀರ್ಸ್ ವಜ್ರ, ಅದೊಂದೇ 234 ಕ್ಯಾರೆಟ್‌ಗಿಂತ ಜಾಸ್ತಿ. 1948ರ ಹೊತ್ತಿಗೆ ಹಾರ ಪಟಿಯಾಲದ ಖಜಾನೆಯಿಂದ ಮಾಯ. 1982ರಲ್ಲಿ ಆ ದೊಡ್ಡ ವಜ್ರ ಜಿನೀವಾದ ಹರಾಜಿನಲ್ಲಿ ಕಾಣಿಸಿಕೊಂಡಿತು. 1998ರಲ್ಲಿ ಹಾರದ ಒಂದಷ್ಟು ಭಾಗ ಲಂಡನ್ನಿನಲ್ಲಿ ಸಿಕ್ಕಿತು, ದೊಡ್ಡ ಕಲ್ಲುಗಳೆಲ್ಲ ಕಿತ್ತುಹೋಗಿದ್ದವು. 2025ರಲ್ಲಿ ಪಂಜಾಬಿ ಗಾಯಕ ದಿಲ್ಜಿತ್ ದೊಸಾಂಜ್ ನ್ಯೂಯಾರ್ಕಿನ ಫ್ಯಾಷನ್ ಸಮಾರಂಭ ಮೆಟ್ ಗಾಲಾಕ್ಕೆ ಹೋದಾಗ ಆ ಹಾರದ ಮಾದರಿಯಲ್ಲೇ ಒಂದನ್ನು ಹಾಕಿಕೊಂಡಿದ್ದರು.

ಪೇಟ, ಶೇರವಾನಿ, ಹಾರ. ಒಂದು ಕಾಲಕ್ಕೆ ರಾಣಿಯರಿಗಿಂತ ರಾಜರೇ ಜಾಸ್ತಿ ಅಲಂಕಾರ ಮಾಡಿಕೊಳ್ಳುತ್ತಿದ್ದರು. ಸುಮ್ನೆ ನಮ್ಮ ಮೇಲೆ ಹಾಕಬೇಡಿ.

ಕುಂದಾನಗರಿ_ಕಾಕಾ, ಬೆಳಗಾವಿ
ನಿಮ್ಮಪ್ಪನ ನಂಬರ್ ಕೊಡವ್ವಾ, ನಾವಿಬ್ಬರೂ ಕೂತು ನೋಡುತ್ತೇವೆ.

ಮೈಸೂರು_ಸೊಸೆ, ತವರು ಗೋಕಾಕ
ನಾನು ಎರಡೂ ಕಡೆಯವಳು. ಹಾಗಾಗಿ ನಮ್ಮ ಮೈಸೂರಿನ ಮಾತು ಮೊದಲು ಬರಬೇಕಿತ್ತು, ಯಾರೂ ತೆಗೆಯಲೇ ಇಲ್ಲ.

ದಸರಾದ ಖಾಸಗಿ ದರ್ಬಾರ್ ದಿನ ನಮ್ಮ ಅತ್ತೆ ಟಿವಿ ಮುಂದೆ ಕೂತರೆ ಒಲೆ ಕಡೆ ತಲೆ ಹಾಕಲ್ಲ. ಯದುವೀರ್ ಅವರ ಪೇಟ ಯಾವ ಬಣ್ಣ, ಅದರ ಮೇಲಿನ ಆಭರಣ ಯಾವುದು, ತ್ರಿಷಿಕಾ ಅವರ ಸೀರೆ ಯಾವುದು ಅಂತ ಪಕ್ಕದ ಮನೆಯವರ ಜೊತೆ ಫೋನಿನಲ್ಲೇ ಚರ್ಚೆ. 2016ರ ಜೂನ್‌ನಲ್ಲಿ ಅವರ ಮದುವೆ ಆದಾಗ ಇಡೀ ಓಣಿಗೆ ಓಣಿಯೇ ಟಿವಿ ಮುಂದಿತ್ತು. ತ್ರಿಷಿಕಾ ರಾಜಸ್ಥಾನದ ಡುಂಗರಪುರ ಮನೆತನದವರು. ಸೆರಗು ಹೇಗೆ ಹೊದೆಯುತ್ತಾರೆ, ಮೈಸೂರಿನ ಪದ್ಧತಿಯೋ ಅಲ್ಲಿಯ ಪದ್ಧತಿಯೋ ಅಂತ ಅತ್ತೆಗೆ ಅದೇ ಕುತೂಹಲ. ಪ್ರಮೋದಾದೇವಿ ಅವರ ರೇಷ್ಮೆ ಸೀರೆಗಳ ಬಗ್ಗೆ ಮಾತ್ರ ಅತ್ತೆ ತಕರಾರು ತೆಗೆಯಲ್ಲ. ಪೂರ್ತಿ ನೂರಕ್ಕೆ ನೂರು.

ಒಂದು ವಿಷಯ ಹೇಳುತ್ತೇನೆ. ಮೈಸೂರು ರೇಷ್ಮೆಯ ಕಾರ್ಖಾನೆ ಶುರುವಾಗಿದ್ದು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಮಗ್ಗ ತರಿಸಿದ್ದು ಸ್ವಿಟ್ಜರ್ಲೆಂಡಿನಿಂದ. ಅರಮನೆಗೆ ಬೇಕಾದ ಬಟ್ಟೆ ಅಂತ ಆರಂಭವಾಗಿದ್ದು ಇವತ್ತು ಮಧ್ಯಮ ವರ್ಗದ ಮನೆಯ ಮದುವೆ ಸೀರೆ ಆಗಿದೆ. ರಾಜರ ಉಡುಗೆ ನೋಡೋದು ಬರೀ ಹುಚ್ಚು ಅನ್ನುವವರಿಗೆ ನಾನು ಇದನ್ನೇ ಹೇಳೋದು.

ಮಗ್ಗದ_ಮನೆ, ಇಳಕಲ್
ಅಕ್ಕಾವ್ರೇ, ಸರಿಯಾದ ಕಡೆ ಕೈ ಇಟ್ಟಿರಿ. ನಾನು ಇಷ್ಟು ಹೊತ್ತು ಓದುತ್ತಾ ಇದ್ದೆ, ಈಗ ಬರೆಯಲೇಬೇಕು ಅನ್ನಿಸಿತು.

ನಮ್ಮ ಮನೆಯಲ್ಲಿ ರಾಣಿಯರ ಫೋಟೋ ನೋಡೋದು ಚಂದಕ್ಕಲ್ಲ. ದೊಡ್ಡವರು ಯಾರು ಏನು ಉಟ್ಟರೋ ಆರು ತಿಂಗಳಲ್ಲಿ ಅದೇ ಬಣ್ಣ ಅಂಗಡಿಯವರು ಕೇಳುತ್ತಾರೆ. 2023ರ ಬಜೆಟ್ ದಿನ ನಿರ್ಮಲಾ ಸೀತಾರಾಮನ್ ಅವರು ಕೆಂಪು ಇಳಕಲ್ ಸೀರೆ, ಅದರ ಮೇಲೆ ಧಾರವಾಡದ ಕಸೂತಿ ಇದ್ದದ್ದು ಉಟ್ಟರು. ಅವರು ರಾಣಿ ಅಲ್ಲ, ಮಂತ್ರಿ. ಆದರೆ ಅವತ್ತು ನಮ್ಮೂರಲ್ಲಿ ಬಜೆಟ್ ಲೆಕ್ಕ ಕೇಳಿದವರಿಗಿಂತ ಸೀರೆ ನೋಡಿದವರೇ ಜಾಸ್ತಿ.

ಥಾಯ್ಲೆಂಡಿನ ರಾಣಿ ಸಿರಿಕಿತ್ ಅಂತ ಇದ್ದರು. 2025ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಫ್ಯಾಷನ್ ಅಂದಾಗ ಎಲ್ಲರೂ ಕೇಟ್, ಡಯಾನಾ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಈ ಅಮ್ಮನೇ ಮೊದಲು. ಅವರ ದೇಶದ ಈಸಾನ್ ಪ್ರದೇಶದಲ್ಲಿ ಹಳ್ಳಿ ಹೆಂಗಸರು ಮುದ್‌ಮೀ ಅನ್ನೋ ರೇಷ್ಮೆ ನೇಯುತ್ತಿದ್ದರು. ನೂಲನ್ನು ಅಲ್ಲಲ್ಲಿ ಕಟ್ಟಿ, ಬಣ್ಣದಲ್ಲಿ ಅದ್ದಿ, ಆಮೇಲೆ ನೇಯೋದು. ಹೊರಗೆ ಅದಕ್ಕೆ ಬೆಲೆ ಇರಲಿಲ್ಲ. ಈ ರಾಣಿ ಅದನ್ನು ತಾವು ಉಟ್ಟರು. ಪ್ಯಾರಿಸ್ಸಿನ ಪಿಯರ್ ಬಾಲ್ಮಾ ಕೈಯಲ್ಲಿ ಥಾಯ್ ರೇಷ್ಮೆಯ ಗೌನು ಹೊಲಿಸಿ ದೇಶ ದೇಶ ಸುತ್ತಿದರು. 1976ರಲ್ಲಿ ನೇಕಾರರಿಗೆ, ಕುಶಲಕರ್ಮಿಗಳಿಗೆ ಅಂತಲೇ ಒಂದು ಪ್ರತಿಷ್ಠಾನ ಕಟ್ಟಿದರು.

ನಮ್ಮ ಇಳಕಲ್ಲಿಗೆ ಅಂಥ ರಾಣಿ ಸಿಗಲಿಲ್ಲ. ನಿಮ್ಮ ನಮ್ಮ ಅಜ್ಜಿಯರು ಹೊಲಕ್ಕೆ ಉಟ್ಟರು, ಜಾತ್ರೆಗೆ ಉಟ್ಟರು, ಅದರಿಂದಲೇ ಉಳಿಯಿತು.

ಇತಿಹಾಸದ_ಮಾಸ್ತರ, ವಿಜಯಪುರ
ಇಳಕಲ್ ತಮ್ಮ ಹೇಳಿದ್ದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆ ಸೇರಿಸುತ್ತೇನೆ. ಮದುಮಗಳು ಬಿಳಿ ಗೌನು ಹಾಕೋದು ಅಲ್ಲಿಯ ಅನಾದಿ ಪದ್ಧತಿ ಅಂತ ನಾವು ತಿಳಿದಿದ್ದೇವೆ. ಹಾಗೇನಿಲ್ಲ. 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿ ಹಾಕಿದ ಮೇಲೆ ಅದು ಹಬ್ಬಿತು. ಅದಕ್ಕೆ ಹಚ್ಚಿದ್ದು ಹೊನಿಟನ್ ಲೇಸ್, ಡೆವನ್ ಕಡೆಯ ಹಳ್ಳಿ ಹೆಂಗಸರು ಕೈಯಲ್ಲಿ ಮಾಡಿದ್ದು. ಯಂತ್ರದ ಲೇಸ್ ಬಂದು ಅವರ ಕೆಲಸ ಕುಸಿದಿತ್ತು. ರಾಣಿ ಬೇಕೆಂದೇ ಅವರಿಗೆ ಕೆಲಸ ಕೊಟ್ಟಳು. ರೇಷ್ಮೆಯೂ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ನೇಕಾರರದ್ದೇ.

ಅದೇ ಹೊತ್ತಿಗೆ ಅವರ ಗಿರಣಿ ಬಟ್ಟೆ ನಮ್ಮ ನೇಕಾರರ ಹೊಟ್ಟೆ ಮೇಲೆ ಹೊಡೆಯುತ್ತಿತ್ತು ಅನ್ನೋದು ಬೇರೆ ಮಾತು. ಅದನ್ನೂ ನೆನಪಿನಲ್ಲಿಟ್ಟು ಲೇಸ್ ನೋಡಬಹುದು.

ಸೂಜಿ_ದಾರ, ವಿಜಯಪುರ
ಮಾಸ್ತರ, ನೀವು ಇರೋದಕ್ಕೆ ಇಲ್ಲಿ ಮಾತಿಗೆ ಒಂದು ತೂಕ.

ತೂಕ ಅಂದಾಗ ನೆನಪಾಯಿತು. ಎಲಿಜಬೆತ್ ರಾಣಿಯ ಲಂಗ ಗಾಳಿಗೆ ಹಾರುತ್ತಿರಲಿಲ್ಲ, ಗಮನಿಸಿದ್ದೀರಾ? ಅಂಚಿನ ಒಳಗೆ ಸಣ್ಣ ಸೀಸದ ತುಂಡು ಇಟ್ಟು ಹೊಲಿಯುತ್ತಿದ್ದರು. ಪರದೆಗೆ ಹಾಕುತ್ತಾರಲ್ಲ, ಅಂಥದ್ದು. ನಾವು ಸೀರೆಗೆ ಫಾಲ್ ಹಚ್ಚೋದು ಅದೇ ಉದ್ದೇಶಕ್ಕೆ ಅಲ್ವಾ? ಬಟ್ಟೆ ಕೆಳಗೆ ಕೂರಬೇಕು. ಹೊಸ ಶೂ ಕಾಲಿಗೆ ಕಚ್ಚದ ಹಾಗೆ ಅವರ ಉಡುಗೆ ನೋಡಿಕೊಳ್ಳುತ್ತಿದ್ದ ಆಂಜೆಲಾ ಕೆಲ್ಲಿ ಮೊದಲು ತಾವೇ ಹಾಕಿ ಓಡಾಡಿ ಸಡಿಲ ಮಾಡಿ ಕೊಡುತ್ತಿದ್ದರು. ಛತ್ರಿ ಪಾರದರ್ಶಕ, ಅಂಚಿನ ಬಣ್ಣ ಮಾತ್ರ ಕೋಟಿಗೆ ಹೊಂದಬೇಕು. ಮಳೆ ಬಂದರೂ ಜನಕ್ಕೆ ಮುಖ ಕಾಣಬೇಕಲ್ಲ. ಗಿಳಿ ಹಸಿರು, ಕಡು ಗುಲಾಬಿ, ಹಳದಿ ಹಾಕುತ್ತಿದ್ದದ್ದೂ ಅದಕ್ಕೇ. ಆಕೆ ಗಿಡ್ಡ, ಸುತ್ತ ಜನ ಎತ್ತರ. ದೂರದಿಂದ ಬಂದವರು ಕಾಣಲಿಲ್ಲ ಅಂತ ಬೇಜಾರಾಗಿ ಹೋಗಬಾರದು.

ಡಯಾನಾ ಮದುವೆ ಗೌನಿನ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. 1981. ಹಿಂದೆ ಎಳೆಯುವ ಬಟ್ಟೆಯೇ 25 ಅಡಿ. ಟಫೆಟಾ ಬಟ್ಟೆ. ಟಫೆಟಾ ಮುದ್ದೆಯಾದರೆ ಸುಕ್ಕು ಬೀಳುತ್ತೆ ಅಂತ ನಮ್ಮಲ್ಲಿ ಕಲಿಯೋಕೆ ಬಂದ ಹುಡುಗಿಗೂ ಗೊತ್ತು. ಅದನ್ನು ಆ ಗಾಜಿನ ಸಾರೋಟಿನಲ್ಲಿ ತಂದೆಯ ಜೊತೆ ತುರುಕಿ ಕೂರಿಸಿದರು. ಇಳಿಯುವಾಗ ಮೈತುಂಬ ಸುಕ್ಕು. ಎಳೆದು ಎಳೆದು ಸರಿಮಾಡಬೇಕಾಯಿತು. ಹೊಲಿದವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಗಾಡಿಯ ಅಳತೆ ಮೊದಲೇ ತೆಗೆಯಬೇಕಿತ್ತು.

ಕುಂದಾನಗರಿ_ಕಾಕಾ, ಬೆಳಗಾವಿ
25 ಅಡಿ ಅಂದರೆ ನಮ್ಮ ಮನೆಯ ಉದ್ದ. ಮದುಮಗಳು ಅಡುಗೆಮನೆಗೆ ಬಂದರೂ ಸೆರಗು ಇನ್ನೂ ಅಂಗಳದಲ್ಲೇ.

ಮುಧೋಳದ_ಹುಡುಗ
ಎಲ್ಲರೂ ಬಟ್ಟೆ ಬಟ್ಟೆ ಅಂತೀರಿ. ರಾಜಮನೆತನದ ಫ್ಯಾಷನ್ನಿನಲ್ಲಿ ನಾಯಿ ಬರಲ್ವಾ? ಎಲಿಜಬೆತ್ ರಾಣಿ ಅಂದರೆ ಟೋಪಿ, ಕೈಚೀಲ, ಕೋರ್ಗಿ ನಾಯಿ. ಈ ಮೂರಿಲ್ಲದ ಫೋಟೋ ಕಡಿಮೆ.

ನಮ್ಮೂರಿನ ಘೋರ್ಪಡೆ ಅರಸರು ಮುಧೋಳ ನಾಯಿಯ ಜೋಡಿಯೊಂದನ್ನು ಐದನೇ ಜಾರ್ಜ್ ದೊರೆಗೆ ಉಡುಗೊರೆ ಕೊಟ್ಟಿದ್ದರು. ಈ ರಾಣಿಗೆ ಅವರು ಅಜ್ಜ ಆಗಬೇಕು. ಕೋರ್ಗಿ ಗಿಡ್ಡ ಕಾಲಿನದು, ನಮ್ಮದು ಉದ್ದ ಕಾಲು, ಸಣ್ಣ ನಡು, ಚೂಪು ಮೂತಿ. ಯಾವುದು ರಾಜನ ಪಕ್ಕ ನಿಂತರೆ ಚಂದ ಅಂತ ನೀವೇ ಹೇಳಿ. 2005ರಲ್ಲಿ ಅಂಚೆ ಇಲಾಖೆ ಸ್ಟಾಂಪ್ ಕೂಡ ಹೊರಡಿಸಿತು.

ಇನ್ನೊಂದು. 2023ರ ಪಟ್ಟಾಭಿಷೇಕದಲ್ಲಿ ಕ್ಯಾಮಿಲಾ ರಾಣಿ ಹಾಕಿದ್ದ ಬಿಳಿ ಗೌನು ಬ್ರೂಸ್ ಓಲ್ಡ್‌ಫೀಲ್ಡ್ ಹೊಲಿದದ್ದು. ಅದರ ಮೇಲೆ ಚಿನ್ನದ ದಾರದಲ್ಲಿ ಅವರ ಎರಡು ನಾಯಿಗಳ ಚಿತ್ರ ಇತ್ತು. ಬ್ಲೂಬೆಲ್, ಬೆತ್ ಅಂತ ಹೆಸರು. ಬೀದಿಪಾಲಾದ ನಾಯಿಗಳನ್ನು ಸಾಕುವ ಕೇಂದ್ರದಿಂದ ತಂದವು. ಸೂಜಿದಾರ ಅಕ್ಕಾ, ನಮ್ಮ ತಂಗಿ ಮದುವೆ ಬ್ಲೌಸಿನ ಬೆನ್ನಿಗೆ ಒಂದು ಮುಧೋಳ ನಾಯಿ ಹಾಕಿ ಕೊಡುತ್ತೀರಾ?

ಸೂಜಿ_ದಾರ, ವಿಜಯಪುರ
ತಂಗಿಯನ್ನು ಕೇಳಿದ್ದೀಯಾ ತಮ್ಮಾ? ಮೊದಲು ಅವಳಿಂದ ಹೂಂ ಅನ್ನಿಸು.

ಹಾಸ್ಟೆಲ್_ಹುಡುಗಿ, ಬಾಗಲಕೋಟೆ
ಟೋಪಿ ಬಿಟ್ಟು ಮುಂದೆ ಹೋಗಬೇಡಿ ಪ್ಲೀಸ್. 2011ರ ಮದುವೆಗೆ ರಾಜಕುಮಾರಿ ಬಿಯಾಟ್ರಿಸ್ ಹಾಕಿಕೊಂಡು ಬಂದ ಟೋಪಿ ನೋಡಿದ್ದೀರಾ? ಫಿಲಿಪ್ ಟ್ರೇಸಿ ಮಾಡಿದ್ದು. ಹಣೆ ಮೇಲೆ ದೊಡ್ಡ ಚಕ್ಕುಲಿ ನಿಲ್ಲಿಸಿದಂತೆ ಇತ್ತು. ಪ್ರಪಂಚವೆಲ್ಲ ನಕ್ಕಿತು. ಆಕೆ ಅದನ್ನೇ ಆನ್‌ಲೈನ್ ಹರಾಜಿಗೆ ಇಟ್ಟರು. 81,100 ಪೌಂಡ್ ಬಂತು. ಎಲ್ಲ ಮಕ್ಕಳ ನೆರವಿನ ಸಂಸ್ಥೆಗಳಿಗೆ. ನಕ್ಕವರ ಬಾಯಿ ಮುಚ್ಚಿಸೋದು ಅಂದರೆ ಇದು.

ಆಸ್ಕಟ್ ಕುದುರೆ ಓಟಕ್ಕೆ ರಾಜಮನೆತನದವರ ಆವರಣದೊಳಗೆ ಹೋಗಬೇಕಾದರೆ ಹೆಂಗಸರ ತಲೆ ಮೇಲಿನದಕ್ಕೆ ಕನಿಷ್ಠ 4 ಇಂಚಿನ ಬುಡ ಇರಬೇಕು. ಚಿಕ್ಕ ಹೂವಿನ ಕ್ಲಿಪ್ ಹಾಕಿ ಬಂದರೆ ಬಿಡಲ್ಲ. ರಾಣಿ ಇದ್ದಾಗ ಅವರ ಟೋಪಿ ಇವತ್ತು ಯಾವ ಬಣ್ಣ ಅಂತ ಬೆಟ್ಟಿಂಗ್ ಬೇರೆ ನಡೆಯುತ್ತಿತ್ತು!

ಕುಂದಾನಗರಿ_ಕಾಕಾ, ಬೆಳಗಾವಿ
ಬೆಟ್ಟಿಂಗ್ ಅಂದಿರಿ, ಈಗ ನಮ್ಮ ಗೆಳೆಯರೆಲ್ಲ ಟೋಪಿ ಬಗ್ಗೆ ಕೇಳುತ್ತಾರೆ.

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ. ಒಂದು ಸಲ ಹಾಕಿದ್ದನ್ನು ಇವರು ಮತ್ತೆ ಹಾಕುತ್ತಾರೋ, ಇಲ್ಲವೋ? ನಮ್ಮ ಮನೆಯಲ್ಲಿ "ಹೋದ ಮದುವೆಗೆ ಇದನ್ನೇ ಉಟ್ಟಿದ್ದೆ" ಅನ್ನೋ ಮಾತು ಶುರುವಾದರೆ ನನ್ನ ಜೇಬಿಗೆ ಕತ್ತರಿ. ರಾಣಿಯರು ಏನು ಮಾಡುತ್ತಾರೆ ಹೇಳಿ, ಮನೆಯಲ್ಲಿ ತೋರಿಸುತ್ತೇನೆ.

ಮೈಸೂರು_ಸೊಸೆ, ತವರು ಗೋಕಾಕ
ಅಯ್ಯೋ ಕಾಕಾ, ನಿಮಗೆ ಬೇಕಾದ ಉತ್ತರ ಇದೆ. ರಾಜಕುಮಾರಿ ಆನ್. ಚಾರ್ಲ್ಸ್ ತಂಗಿ. 1981ರಲ್ಲಿ ಅಣ್ಣನ ಮದುವೆಗೆ ಹಾಕಿದ ಉಡುಪನ್ನೇ 2008ರಲ್ಲಿ ಬಂಧುಗಳ ಇನ್ನೊಂದು ಮದುವೆಗೆ ಹಾಕಿಕೊಂಡು ಬಂದರು. 27 ವರ್ಷ! ಅಳತೆ ಕೂಡ ಸರಿಯಾಗಿ ಕೂತಿತ್ತು. ಸ್ಪೇನಿನ ರಾಣಿ ಲೆಟಿಜಿಯಾ ಕೂಡ ಹಾಕಿದ್ದನ್ನೇ ಮತ್ತೆ ಮತ್ತೆ ಹಾಕುತ್ತಾರೆ. ಮೊದಲು ಟಿವಿಯಲ್ಲಿ ಸುದ್ದಿ ಓದುತ್ತಿದ್ದವರು. ಜಾರಾ, ಮ್ಯಾಂಗೊ ಅಂಗಡಿಯ ಬಟ್ಟೆ ಹಾಕಿ ಸರ್ಕಾರಿ ಕಾರ್ಯಕ್ರಮಕ್ಕೆ ಬರುತ್ತಾರೆ. ಕೇಟ್ ಕೂಡ ಹಳೇ ಕೋಟು ತೆಗೆದು ಹಾಕುತ್ತಾರೆ.

ಜಪಾನಿನ ರಾಜಕುಮಾರಿ ಐಕೊ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. 20 ವರ್ಷ ತುಂಬಿದಾಗ ಅಲ್ಲಿ ಹೊಸ ಕಿರೀಟ ಮಾಡಿಸೋದು ವಾಡಿಕೆ. ಅದು 2021, ಕೊರೊನಾ ಕಾಲ. ಜನ ಕಷ್ಟದಲ್ಲಿದ್ದಾರೆ ಅಂತ ಹೊಸದು ಮಾಡಿಸಲಿಲ್ಲ. ಸೋದರತ್ತೆ ಸಯಾಕೊ ಅವರದ್ದನ್ನು ಎರವಲು ತಂದು ಹಾಕಿಕೊಂಡರು. ನಮ್ಮಲ್ಲಿ ಮದುವೆಗೆ ಅತ್ತೆಯ ಬೋರಮಾಳ, ಚಿಕ್ಕಮ್ಮನ ವಂಕಿ ತಂದು ಹಾಕಿ ಮರುದಿನ ವಾಪಸ್ ಕೊಡಲ್ವಾ, ಹಾಗೇ.

ಕುಂದಾನಗರಿ_ಕಾಕಾ, ಬೆಳಗಾವಿ
ಆನ್ ಅವರ ಫೋಟೋ ಮನೆಯಲ್ಲಿ ತೋರಿಸಿದೆ. "ಅವರ ಅಣ್ಣ ರಾಜ, ನನ್ನ ಅಣ್ಣ ಏನು?" ಅಂತ ಉತ್ತರ ಬಂತು. ಊಟ ತಡವಾಗಿದೆ.

ಅಥಣಿ_ಚಪ್ಪಲಿ
ಹಾಸ್ಟೆಲ್ ತಂಗಿ ತಲೆ ಮೇಲಿನದು ಹೇಳಿದಳು, ನಾನು ಕಾಲಿನದು ಹೇಳುತ್ತೇನೆ. ಕೂಚ್ ಬಿಹಾರದ ಮಹಾರಾಣಿ ಇಂದಿರಾದೇವಿ ಇಟಲಿಯ ಫೆರ್ರಗಾಮೊ ಹತ್ತಿರ ಒಂದೇ ಸಲಕ್ಕೆ ನೂರು ಜೋಡಿ ಶೂ ಮಾಡಿಸಿದ್ದರು. ಕೆಲವಕ್ಕೆ ತಮ್ಮದೇ ವಜ್ರ, ಮುತ್ತು ಕಳಿಸಿ ಕೂರಿಸಿದ್ದು. ಶಿಫಾನ್ ಸೀರೆಯನ್ನು ಫ್ಯಾಷನ್ ಮಾಡಿದವರೂ ಅವರೇ. ಅವರ ಮಗಳೇ ಜೈಪುರದ ಗಾಯತ್ರಿದೇವಿ. ಶಿಫಾನ್ ಸೀರೆ, ಮುತ್ತಿನ ಸರ, ಮುಗಿಯಿತು. ಜಾಸ್ತಿ ಏನೂ ಬೇಡ.

ಈಗ ನಮ್ಮದು. ಕೊಲ್ಹಾಪುರಿ ಅಂತ ಹೆಸರು, ಆದರೆ ನಮ್ಮ ಅಥಣಿ, ನಿಪ್ಪಾಣಿ ಕಡೆ ತಲೆತಲಾಂತರದಿಂದ ಮಾಡುತ್ತಾರೆ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ ಸೇರಿದವು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ. ಕೊಲ್ಹಾಪುರದ ಶಾಹೂ ಮಹಾರಾಜರು ಈ ಕಸುಬಿಗೆ ಬೆಂಬಲ ಕೊಟ್ಟವರು. 2025ರಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದವರು ಮಿಲಾನ್ ಶೋನಲ್ಲಿ ಇಂಥದ್ದೇ ಚಪ್ಪಲಿ ಹಾಕಿಸಿ ಓಡಾಡಿಸಿದರು. ನಮ್ಮ ಹೆಸರೇ ಎತ್ತಲಿಲ್ಲ. ಗಲಾಟೆ ಆದ ಮೇಲೆ ಒಪ್ಪಿಕೊಂಡರು, ಎರಡೂ ರಾಜ್ಯದ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದವೂ ಆಯಿತು. ಪ್ರಾಡಾ ಹಾಕೋ ರಾಣಿಯರ ಕಾಲಿಗೆ ಅಥಣಿ ಚರ್ಮ ತಲುಪೋ ದಿನ ದೂರ ಇಲ್ಲ. ಮೊದಲ ಎರಡು ದಿನ ಕಚ್ಚುತ್ತೆ, ಎಣ್ಣೆ ಹಚ್ಚಬೇಕು ಅಂತ ಅವರಿಗೆ ಯಾರಾದರೂ ಹೇಳಿದರೆ ಸಾಕು.

ಸೂಜಿ_ದಾರ, ವಿಜಯಪುರ
ಆ ಆಂಜೆಲಾ ಕೆಲ್ಲಿ ಅಥಣಿಗೆ ಬಂದಿದ್ದರೆ ಕಾಲು ಏನಾಗುತ್ತಿತ್ತೋ!

ಖಣದ_ಅಂಗಡಿ, ಗುಳೇದಗುಡ್ಡ
ಅಕ್ಕಾ, ಮೊದಲು ನೀವು ಕೇಟ್ ತೋಳಿನ ಮಾತು ತೆಗೆದಿದ್ದಿರಿ. ಯಾರೂ ಕೆಲಸದ ಮಾತು ಹೇಳಲಿಲ್ಲ. ಇಳಕಲ್ ಸೀರೆಗೆ ನಮ್ಮ ಖಣ, ಅಂದರೆ ಮಗ್ಗದ ಬ್ಲೌಸ್ ಬಟ್ಟೆ, ಬಿಟ್ಟು ಲೇಸ್ ಹಚ್ಚಿದರೆ ಜೋಡಿ ಕೂರಲ್ಲ. ಸೀರೆಯ ದಡಿ ದಪ್ಪ, ಸೆರಗು ಕೆಂಪು, ಗಟ್ಟಿ ಬಣ್ಣ. ಅದರ ಪಕ್ಕ ತೆಳ್ಳನೆ ಬಿಳಿ ಲೇಸ್ ಬಂದರೆ ಯಾರದೋ ಬ್ಲೌಸು ಎರವಲು ತಂದ ಹಾಗೆ ಕಾಣುತ್ತದೆ.

ಉದ್ದ ತೋಳೇ ಬೇಕು ಅಂದರೆ ಖಣದಲ್ಲೇ ಮಾಡಿ. ಆದರೆ ಹಳೆ ಮಾದರಿಯ ಖಣದ ಅಗಲ ಕಡಿಮೆ. ಒಂದು ಖಣದಲ್ಲಿ ಮೊಳಕೈ ತನಕ ಮಾತ್ರ ಬರುತ್ತೆ. ಮಣಿಕಟ್ಟಿನ ತನಕ ಅಂದರೆ ಎರಡು ತೆಗೆದುಕೊಳ್ಳಬೇಕು. ಎರಡೂ ಒಂದೇ ಮಗ್ಗದಿಂದ ಇಳಿದವು ಇರಲಿ, ಇಲ್ಲಾಂದ್ರೆ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ. ತೇರಿನ ಬುಟ್ಟಾ ಇರೋದಾದರೆ ತಲೆಕೆಳಗಾಗದಂತೆ ಕತ್ತರಿಸಬೇಕು. ಅದು ನಿಮಗೆ ಹೇಳಬೇಕಾಗಿಲ್ಲ.

ಸೂಜಿ_ದಾರ, ವಿಜಯಪುರ
ತೇರಿನ ಮಾತು ಸರಿ. ಬುಟ್ಟಾ ಉಲ್ಟಾ ಬಂದರೆ ಹೆಣ್ಣಿನ ಅಜ್ಜಿ ನನ್ನನ್ನು ಬಿಡಲ್ಲ.

ಆದರೆ ಲೇಸ್ ಕೂರಲ್ಲ ಅನ್ನೋದು ಒಪ್ಪಲ್ಲ ಅಣ್ಣಾ. ಬಿಳಿ ಲೇಸ್ ಕೂರಲ್ಲ, ನಿಜ. ಸೀರೆಯ ಒಡಲಿನ ಬಣ್ಣಕ್ಕೇ ಅದ್ದಿದ ಲೇಸ್ ಇದ್ದರೆ? ಮೊಳಕೈ ತನಕ ಖಣ, ಅಲ್ಲಿಂದ ಕೆಳಗೆ ಲೇಸ್. ಸೇರೋ ಜಾಗಕ್ಕೆ ದಡಿಯ ಬಣ್ಣದ ಸಣ್ಣ ಪೈಪಿಂಗ್.

ಖಣದ_ಅಂಗಡಿ, ಗುಳೇದಗುಡ್ಡ
ಹೊಲಿದು ಫೋಟೋ ಹಾಕಿ, ಆಮೇಲೆ ಮಾತಾಡೋಣ.

ಮಗ್ಗದ_ಮನೆ, ಇಳಕಲ್
ನನಗೆ ಕೇಳಿದರೆ ಸೆರಗಿನ ಮೇಲೆ ಏನೂ ಬರಬಾರದು ಅಷ್ಟೇ. ತೋಪು ತೆನೆಯ ಸೆರಗಿಗೆ ಎಷ್ಟು ಕಷ್ಟ ಇದೆ ಗೊತ್ತಾ? ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಸೇರಿಸಬೇಕು. ಪ್ರತಿ ಸೀರೆಗೂ ಮತ್ತೆ ಹೊಸದಾಗಿ. ನಮ್ಮ ಮನೆಯಲ್ಲಿ ಅದು ಅವ್ವನ ಕೆಲಸ. ಎಡಗೈಯಲ್ಲಿ ಒಂದು ಗೊಂಚಲು ಹಿಡಿದು, ಬೆರಳಿನಲ್ಲೇ ಎಳೆ ಎಣಿಸಿಕೊಂಡು ಸರಸರ ಸೇರಿಸಿಕೊಂಡು ಹೋಗುತ್ತಾಳೆ. ಆಗ ಮಾತಾಡಿಸಿದರೆ ಉತ್ತರ ಕೊಡಲ್ಲ. ಒಂದು ಎಳೆ ತಪ್ಪಿದರೆ ಸೆರಗಿನಲ್ಲಿ ಕಾಣುತ್ತೆ. ಆ ಸೆರಗನ್ನು ಪಿನ್ ಹಾಕಿ ನೆರಿಗೆ ಮಾಡಿ ಭುಜದ ಮೇಲೆ ಬಚ್ಚಿಡುತ್ತಾರೆ, ಅದೇ ನನ್ನ ಸಂಕಟ. ಬಿಚ್ಚಿ ಬಿಡಿ, ಜನ ನೋಡಲಿ.

ಭೂತಾನಿನ ರಾಣಿ ಜೆತ್ಸುನ್ ಪೆಮಾ ಅವರನ್ನು ನೋಡಿ. 2011ರಲ್ಲಿ ಅವರ ಮದುವೆ. ಎಲ್ಲಿಗೆ ಹೋದರೂ ಕೈಮಗ್ಗದ ಕಿರಾ ಉಟ್ಟೇ ಹೋಗುತ್ತಾರೆ. ಅಲ್ಲಿ ಸರ್ಕಾರಿ ಕಚೇರಿಗೂ ಅದೇ ಉಡುಗೆ ಕಡ್ಡಾಯ. 2016ರಲ್ಲಿ ವಿಲಿಯಂ, ಕೇಟ್ ಹೋದಾಗ ಕೇಟ್ ಕೂಡ ಭೂತಾನಿನ ನೇಯ್ಗೆಯ ಬಟ್ಟೆಯಲ್ಲೇ ಲಂಗ ಮಾಡಿಸಿ ಹಾಕಿದ್ದರು. ಅದೇ ಪ್ರವಾಸದಲ್ಲಿ ಮುಂಬೈನಲ್ಲಿ ಮಕ್ಕಳ ಜೊತೆ ಕ್ರಿಕೆಟ್ ಆಡುವಾಗ ಹಾಕಿದ್ದು ಅನಿತಾ ಡೋಂಗ್ರೆ ಹೊಲಿದ ಉಡುಪು. ಜನ ಮುಗಿಬಿದ್ದು ಡೋಂಗ್ರೆ ಅವರ ವೆಬ್‌ಸೈಟೇ ಕೂತುಬಿಟ್ಟಿತ್ತು. ಆ ಹೆಣ್ಣುಮಗಳು ಒಂದು ಸಲ ಇಳಕಲ್ ದಡಿಯ ಬಟ್ಟೆ ಹಾಕಲಿ ಅಂತ ನನ್ನ ಆಸೆ. ಗಾಡಿ ದಡಿ ಬೇಕಾ, ಗೋಮಿ ಬೇಕಾ, ಪರಾಸಪೇಟ ಬೇಕಾ, ಕೇಳಿದ್ದು ಕೊಡುತ್ತೇವೆ.

ಹಾಸ್ಟೆಲ್_ಹುಡುಗಿ, ಬಾಗಲಕೋಟೆ
ಅಣ್ಣಾ, ಕೇಟ್‌ಗೆ ಕಳಿಸೋ ಮೊದಲು ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿ ಅವರಿಗೆ ಕಳಿಸಿ. ಚಾರ್ಲ್ಸ್ ಪಟ್ಟಾಭಿಷೇಕಕ್ಕೆ ಅಲ್ಲಿಯ ಆಗಿನ ಪ್ರಧಾನಿಯ ಹೆಂಡತಿಯಾಗಿ ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚಿನ ಒಳಗೆ ತಿಳಿ ನೀಲಿ ಉಡುಪು ಹಾಕಿ ನಡೆದು ಬಂದರು. ಚಂದ ಇತ್ತು. ಆದರೆ ನಾನು ಟಿವಿ ಮುಂದೆ ಕೂತು "ಒಂದು ಇಳಕಲ್, ಒಂದೇ ಒಂದು ಇಳಕಲ್" ಅಂತ ಅನ್ನುತ್ತಿದ್ದೆ.

ಇತಿಹಾಸದ_ಮಾಸ್ತರ, ವಿಜಯಪುರ
ನೀವು ಲಂಡನ್, ಟೋಕಿಯೊ, ಥಿಂಫು ಎಲ್ಲ ಸುತ್ತಿ ಬಂದಿರಿ. ಗೋಳಗುಮ್ಮಟದ ನೆರಳಿನಲ್ಲಿ ಕೂತು ನಮ್ಮೂರಿನ ಸುಲ್ತಾನರನ್ನು ಯಾರೂ ನೆನೆಯಲಿಲ್ಲ. ಉಡುಗೆಯಲ್ಲಿ ನನ್ನ ಮೊದಲ ಮಾರ್ಕು ಎರಡನೇ ಇಬ್ರಾಹಿಂ ಆದಿಲ್ ಶಾಹನಿಗೆ. 1580ರಿಂದ 1627ರ ತನಕ ಆಳಿದವನು.

ಅವನ ಕಾಲದ ಸಣ್ಣ ಚಿತ್ರಗಳು ಇವತ್ತು ಪ್ರಪಂಚದ ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿವೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಒಂದು ಇದೆ. ಕೈಯಲ್ಲಿ ಚಿಟಿಕೆ ತಾಳ ಹಿಡಿದು ನಿಂತಿದ್ದಾನೆ. ಮೈಮೇಲೆ ಪಾದದ ತನಕ ಬಿಳಿ ಜಾಮಾ. ಎಷ್ಟು ತೆಳು ಅಂದರೆ ಒಳಗಿನ ಬಟ್ಟೆ ಕಾಣುತ್ತದೆ. ಅದರ ಮೇಲೆ ಜರಿಯ ಉತ್ತರೀಯ. ತಲೆಗೆ ಮೇಲಕ್ಕೆ ಎತ್ತರವಾಗಿ ಹೋಗುವ ಪೇಟ. ಕೆಲವು ಚಿತ್ರಗಳಲ್ಲಿ ಕೊರಳಿಗೆ ರುದ್ರಾಕ್ಷಿ. ಸುಲ್ತಾನ, ಕೊರಳಲ್ಲಿ ರುದ್ರಾಕ್ಷಿ! ಜನ ಜಗದ್ಗುರು ಬಾದಶಹ ಅನ್ನುತ್ತಿದ್ದರು. ತಾನು ನುಡಿಸುವ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ಕಿತಾಬ್-ಎ-ನೌರಸ್ ಅನ್ನೋ ಹಾಡಿನ ಪುಸ್ತಕ ಬರೆದ. ಅದರಲ್ಲಿ ಸರಸ್ವತಿಗೂ ನಮಸ್ಕಾರ, ಗಣಪತಿಗೂ ನಮಸ್ಕಾರ.

ಮೊಘಲರ ಚಿತ್ರಗಳಲ್ಲಿ ಬಾದಶಹ ಅಂದರೆ ನೆಟ್ಟಗೆ ನಿಂತ, ಲೆಕ್ಕ ಹಾಕಿ ಅಲಂಕಾರ ಮಾಡಿದ ಮನುಷ್ಯ. ನಮ್ಮ ಇಬ್ರಾಹಿಂ ಹಾಗಲ್ಲ. ಉತ್ತರೀಯದ ತುದಿ ಗಾಳಿಗೆ ಹಾರುತ್ತಿರುತ್ತದೆ, ಕಣ್ಣು ಎಲ್ಲೋ. ಈಗಷ್ಟೇ ಹಾಡು ಮುಗಿಸಿ ಬಂದವನ ಕಳೆ.

ಅವನನ್ನು ಬೆಳೆಸಿದ ಚಾಂದ್ ಬೀಬಿಯ ಚಿತ್ರವೂ ಪ್ರಸಿದ್ಧ. ಕುದುರೆ ಮೇಲೆ ಕೂತು ಕೈಯಲ್ಲಿ ಗಿಡುಗ ಹಿಡಿದದ್ದು. ಆದರೆ ಅಂಥ ಚಿತ್ರಗಳು ಆಕೆ ಸತ್ತು ಸುಮಾರು ನೂರು ವರ್ಷದ ಮೇಲೆ ಬರೆದವು. ಅಂದರೆ ಬಟ್ಟೆ ಚಿತ್ರಕಾರನ ಕಾಲದ್ದು, ಆಕೆಯ ಕಾಲದ್ದಲ್ಲ. ಕಿತ್ತೂರು ಚೆನ್ನಮ್ಮನ ಮಾತೂ ಹಾಗೇ. ಕಚ್ಚೆ ಸೀರೆ, ಕುದುರೆ, ಎತ್ತಿದ ಖಡ್ಗ, ಇದು ಮುಂದೆ ಬಂದ ಕಲಾವಿದರು ಕೊಟ್ಟ ರೂಪ. 1824ರ ಅಕ್ಟೋಬರ್ 23ರಂದು ಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತ ದಿನ ಆಕೆಯ ಸೀರೆ ಯಾವ ಬಣ್ಣ ಅಂತ ಬರೆದಿಡೋ ಪುರುಸೊತ್ತು ಯಾರಿಗಿತ್ತು?

ಕುಂದಾನಗರಿ_ಕಾಕಾ, ಬೆಳಗಾವಿ
ಮಾಸ್ತರ, ಇಲ್ಲಿಗೆ ನನ್ನ ಓಟು ಬಿತ್ತು. ದಿನಾ ಬೆಳಗಾವಿಯ ಚೆನ್ನಮ್ಮ ಸರ್ಕಲ್ ದಾಟುತ್ತೇನೆ. ಟೋಪಿ ಇಲ್ಲ, 25 ಅಡಿ ಗೌನಿಲ್ಲ. ಕಚ್ಚೆ ಹಾಕಿ ಬಿಗಿದು ಉಟ್ಟ ಸೀರೆ, ಅದರಲ್ಲೇ ಕುದುರೆ ಹತ್ತಿದ್ದಾಳೆ. ಸೀಸದ ತುಂಡು ಬೇಕಾಗಿಲ್ಲ.

ಮೈಸೂರು_ಸೊಸೆ, ತವರು ಗೋಕಾಕ
ಕಾಕಾ ಪಕ್ಷ ಬದಲಿಸಿದರು! ಮೊದಲು ಹೆಣ್ಣುಮಕ್ಕಳ ಹುಚ್ಚು ಅಂದವರು ಈಗ ಕಚ್ಚೆಯ ನೆರಿಗೆ ನೋಡುತ್ತಿದ್ದಾರೆ.

ಮುಧೋಳದ_ಹುಡುಗ
ತಂಗಿಯನ್ನು ಕೇಳಿದೆ. ಬ್ಲೌಸಿನ ಮೇಲೆ ನಾಯಿ ಬೇಡವಂತೆ. ಮದುಮಗನ ಪೇಟದ ಮೇಲೆ ಬೇಕಾದರೆ ಹಾಕಿಸು ಅಂದಳು. ಭಾವ ಆಗೋರು ಇನ್ನೂ ಏನೂ ಹೇಳಿಲ್ಲ.

ಹಾಸ್ಟೆಲ್_ಹುಡುಗಿ, ಬಾಗಲಕೋಟೆ
ಮಾಸ್ತರ, ಇಬ್ರಾಹಿಂ ಬಗ್ಗೆ ಓದಿ ಕುತೂಹಲ ಬಂತು. ಗೋಳಗುಮ್ಮಟದ ಮುಂದಿನ ಮ್ಯೂಸಿಯಂ ನಾನು ಒಂದು ಸಲವೂ ಒಳಗೆ ಹೋಗಿ ನೋಡಿಲ್ಲ. ಸೀದಾ ಮೇಲೆ ಹತ್ತಿ ಪಿಸುಗುಟ್ಟಿ ಇಳಿದು ಬಂದಿದ್ದೇವೆ. ಈ ಶುಕ್ರವಾರ ಕಾಲೇಜಿಗೆ ರಜೆ. ಗೆಳತಿಯರ ಜೊತೆ ಬಂದರೆ ಆದಿಲ್ ಶಾಹಿ ಕಾಲದ ವಸ್ತು ನೋಡೋಕೆ ಸಿಗುತ್ತಾ?

ಇತಿಹಾಸದ_ಮಾಸ್ತರ, ವಿಜಯಪುರ
ಸಿಗುತ್ತದೆ ಮಗಳೇ. ಆದರೆ ಶುಕ್ರವಾರ ಮ್ಯೂಸಿಯಂ ಬಾಗಿಲು ಹಾಕಿರುತ್ತಾರೆ. ಶನಿವಾರ ಬನ್ನಿ. ಬೆಳಿಗ್ಗೆ ಬೇಗ ಬಂದರೆ ಇಬ್ರಾಹಿಂ ರೋಜಾ ಕೂಡ ಮುಗಿಸಬಹುದು.